ಪೀಠಿಕೆಯಲ್ಲಿ ತಕರಾರು ಎಲ್ಲಿದೆ?

ಯಾವುದಾದರೂ ವಿಚಾರಸಂಕಿರಣದ ಸಂಪುಟ ಕೈಗೆ ಸಿಕ್ಕರೆ ಅದರ ಹತ್ತು ಲೇಖನಗಳ ಮೊದಲ ವಾಕ್ಯವನ್ನಷ್ಟೇ ಓದುತ್ತಾ ಹೋಗಿ. "ಮಾನವ ಸಂಘಜೀವಿ." "ಸಾಹಿತ್ಯವು ಸಮಾಜದ ಕೈಗನ್ನಡಿ." "ಅನಾದಿ ಕಾಲದಿಂದಲೂ ಭಾರತವು ಕೃಷಿಪ್ರಧಾನ ದೇಶವಾಗಿದೆ." "ಇಂದಿನ ಜಾಗತೀಕರಣದ ಸಂದರ್ಭದಲ್ಲಿ..." ಇವುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅಲ್ಲ ಎನ್ನುವವರು ಒಬ್ಬರೂ ಇಲ್ಲದ ಮಾತನ್ನು ಹೇಳುವುದಕ್ಕೆ ಲೇಖನ ಯಾಕೆ ಬೇಕು? ದೇವದಾಸಿ ಪದ್ಧತಿಯ ಲೇಖನದ ಮೊದಲ ಪ್ಯಾರಾವನ್ನು ಕಿತ್ತು ಹಾಲು ಉತ್ಪಾದಕರ ಸಹಕಾರ ಸಂಘಗಳ ಲೇಖನಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಎಲ್ಲಿಗೆ ಬೇಕಾದರೂ ಅಂಟಿಸಲು ಬರುವ ಪ್ಯಾರಾ ಪೀಠಿಕೆಯಲ್ಲ, ಭಾಷಣಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಸದ್ದು.

ಇಲ್ಲಿ ಹೇಳುವುದು ಸ್ನಾತಕೋತ್ತರ ತರಗತಿಯ ಸೆಮಿನಾರ್ ಪ್ರಬಂಧ ಮತ್ತು ಪಿಎಚ್‌ಡಿ ಮಾಡುವವರು ಪತ್ರಿಕೆಗಳಿಗೆ ಕಳಿಸುವ ಸಂಶೋಧನ ಲೇಖನ, ಇವುಗಳ ಪೀಠಿಕೆಯ ಬಗ್ಗೆ. ಲಲಿತ ಪ್ರಬಂಧದ ದಾರಿಯೇ ಬೇರೆ. ಅಲ್ಲಿ ಸುತ್ತಿ ಬಳಸಿ ಬರುವುದೇ ಚೆಂದ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಮುನ್ನುಡಿ ಸಾಮಾನ್ಯವಾಗಿ ಬೇರೆಯವರು ಬರೆದುಕೊಡುವುದು. ಅರಿಕೆ ಅಥವಾ "ನನ್ನ ಮಾತು" ಬರೆದವರದು. ಮಾರ್ಗದರ್ಶಕರಿಗೆ, ಮನೆಯವರಿಗೆ, ಗ್ರಂಥಾಲಯದವರಿಗೆ ಕೃತಜ್ಞತೆ ಹೇಳುವ ಜಾಗ ಅದು. ಪ್ರಸ್ತಾವನೆ ಎಂಬ ಮಾತು ಎಲ್ಲದಕ್ಕೂ ಬಳಕೆಯಲ್ಲಿದೆ. ಪೀಠಿಕೆ ಮಾತ್ರ ಲೇಖನದ ಒಳಗಿನದು, ವಾದದ ಮೊದಲ ತುಂಡು. ವಿಷಯ ಸೂಚಿಸಿದ ಗುರುಗಳಿಗೆ ನಮನ, ವಿಷಯದ ಮೇಲೆ ಚಿಕ್ಕಂದಿನಿಂದ ಇದ್ದ ಆಸಕ್ತಿ, ಸಂಘಟಕರಿಗೆ ವಂದನೆ, ಇವು ಪೀಠಿಕೆಯೊಳಗೆ ಬಂದರೆ ಮೂರು ಸಾಲು ಹಾಳಾದಂತೆ. ಮೂರು ಸಾಲು ಎಂದರೆ ಪೀಠಿಕೆಯ ಮಟ್ಟಿಗೆ ಸಣ್ಣ ಲೆಕ್ಕವೇನಲ್ಲ.

ಮೂರು ನಡೆ, ಅದರಲ್ಲಿ ಕಾಣೆಯಾಗುವ ಒಂದು

ಪೀಠಿಕೆಗಳನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಿದವರಲ್ಲಿ ಹೆಸರಾದವರು ಭಾಷಾಶಾಸ್ತ್ರಜ್ಞ ಜಾನ್ ಸ್ವೇಲ್ಸ್. ಅವರು 1981ರಲ್ಲಿ ಬೇರೆ ಬೇರೆ ಶಾಸ್ತ್ರಗಳ 48 ಇಂಗ್ಲಿಷ್ ಲೇಖನಗಳ ಪೀಠಿಕೆಗಳನ್ನು ಹರಡಿಕೊಂಡು ಕೂತು, ಅವುಗಳಲ್ಲಿ ನಾಲ್ಕು ನಡೆಗಳನ್ನು ಗುರುತಿಸಿದರು. 1990ರ ಹೊತ್ತಿಗೆ ಅದನ್ನು ಮೂರಕ್ಕೆ ಇಳಿಸಿದರು. ಅವರ ಹೋಲಿಕೆ ನೆಲದ್ದು. ಮೊದಲು ಪ್ರದೇಶ ಯಾವುದೆಂದು ಹೇಳುವುದು, ಆಮೇಲೆ ಅದರೊಳಗೆ ಖಾಲಿ ಬಿದ್ದ ಜಾಗವನ್ನು ತೋರಿಸುವುದು, ಕೊನೆಗೆ ಆ ಜಾಗದಲ್ಲಿ ತಾನು ಹೋಗಿ ಕೂರುವುದು. ಕನ್ನಡದಲ್ಲಿ ಇದಕ್ಕೆ ವಿಷಯ, ತಕರಾರು, ವಾದ ಎನ್ನಬಹುದು. ಹಿಂದೆ ಬಂದವರು ಹೇಳಿದ್ದರಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ಹೊಂದುವುದಿಲ್ಲ, ಆ ಹೊಂದದ ಜಾಗಕ್ಕೆ ಬೆರಳಿಡುವುದೇ ತಕರಾರು.

ನಮ್ಮ ಲೇಖನಗಳಲ್ಲಿ ಮೊದಲನೆಯ ನಡೆ ಉಬ್ಬಿರುತ್ತದೆ, ಮೂರನೆಯದು ಒಂದು ಸಾಲಿಗೆ ಒಣಗಿರುತ್ತದೆ, ನಡುವಿನದು ಇರುವುದೇ ಇಲ್ಲ. ಕಾರಣ ಸೋಮಾರಿತನ ಮಾತ್ರವಲ್ಲ. ಹಿರಿಯ ವಿದ್ವಾಂಸರು ಒಂದು ವಿಷಯದಲ್ಲಿ ನಲವತ್ತು ವರ್ಷ ದುಡಿದಿರುತ್ತಾರೆ, ಅವರ ಮಾತಿನಲ್ಲಿ ಕೊರತೆ ತೋರಿಸುವುದು ಉದ್ಧಟತನವಾಗಿ ಕಾಣುತ್ತದೆ. ಜೊತೆಗೆ ಅವರೋ ಅವರ ಶಿಷ್ಯರೋ ವಿಚಾರಸಂಕಿರಣದ ಮೊದಲ ಸಾಲಿನಲ್ಲೇ ಕೂತಿರುತ್ತಾರೆ. ಹಾಗಾಗಿ ಬರೆಯುವವರು "ಈ ಕುರಿತು ಅನೇಕ ವಿದ್ವಾಂಸರು ಮೌಲಿಕವಾದ ಅಧ್ಯಯನ ನಡೆಸಿದ್ದಾರೆ" ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ಮೌಲಿಕವಾದದ್ದೆಲ್ಲ ಆಗಿಹೋಗಿದ್ದರೆ ಈ ಲೇಖನ ಯಾತಕ್ಕೆ ಎಂಬ ಪ್ರಶ್ನೆ ಓದುವವರ ತಲೆಯಲ್ಲಿ ಉಳಿಯುತ್ತದೆ.

ಒಂದು ಪೀಠಿಕೆಯನ್ನು ಬಿಚ್ಚಿ ಹೊಲಿಯುವುದು

ಬರೀ ಮಾತಿಗಿಂತ ಒಂದು ಪ್ಯಾರಾವನ್ನೇ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ವಿಷಯ ಕರ್ನಾಟಕದ ಪ್ರಾದೇಶಿಕ ಅಸಮತೋಲನ ಎಂದಿಟ್ಟುಕೊಳ್ಳಿ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಪ್ರತಿವರ್ಷ ಬರುವ ವಿಷಯ. ಸಾಮಾನ್ಯವಾಗಿ ಬರುವ ಪೀಠಿಕೆ ಹೀಗಿರುತ್ತದೆ:

"ಕರ್ನಾಟಕವು ಭಾರತದ ಪ್ರಮುಖ ರಾಜ್ಯಗಳಲ್ಲಿ ಒಂದಾಗಿದೆ. ಇದು ಪ್ರಾಚೀನ ಕಾಲದಿಂದಲೂ ಶ್ರೀಮಂತ ಸಂಸ್ಕೃತಿ ಹಾಗೂ ಪರಂಪರೆಯನ್ನು ಹೊಂದಿದೆ. ಅಭಿವೃದ್ಧಿ ಎಂಬುದು ಒಂದು ನಿರಂತರ ಪ್ರಕ್ರಿಯೆಯಾಗಿದ್ದು, ಸ್ವಾತಂತ್ರ್ಯಾನಂತರ ಸರ್ಕಾರವು ಅನೇಕ ಯೋಜನೆಗಳನ್ನು ಜಾರಿಗೆ ತಂದಿದೆ. ಆದಾಗ್ಯೂ ಉತ್ತರ ಕರ್ನಾಟಕವು ಹಿಂದುಳಿದಿರುವುದು ಕಂಡುಬರುತ್ತದೆ. ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನದಲ್ಲಿ ಪ್ರಾದೇಶಿಕ ಅಸಮತೋಲನದ ಕುರಿತು ಬೆಳಕು ಚೆಲ್ಲುವ ಪ್ರಯತ್ನವನ್ನು ಮಾಡಲಾಗಿದೆ."

ಐದು ವಾಕ್ಯ. ಮೊದಲ ಎರಡನ್ನು ತೆಗೆದರೆ ನಷ್ಟವಿಲ್ಲ. ಮೂರನೆಯದರಲ್ಲಿ ಯಾವ ಯೋಜನೆ, ಯಾವ ವರ್ಷ, ಒಂದೂ ಇಲ್ಲ. ಕೊನೆಯದು ಪ್ರಯತ್ನ ಮಾಡಿದ್ದೇನೆ ಎನ್ನುತ್ತದೆ, ಏನು ಸಿಕ್ಕಿತು ಎನ್ನುವುದಿಲ್ಲ. ಏನಾದರೂ ಹೇಳುತ್ತಿರುವುದು ನಾಲ್ಕನೆಯ ವಾಕ್ಯವೊಂದೇ, ಅದೂ "ಕಂಡುಬರುತ್ತದೆ" ಎಂಬ ಮರೆಯಲ್ಲಿ ನಿಂತುಕೊಂಡು. ಯಾರಿಗೆ ಕಂಡುಬಂತು? ಯಾವ ಅಳತೆಗೋಲಿನಲ್ಲಿ? ಹಿಂದುಳಿದಿದೆ ಎಂದರೆ ಯಾರಿಗಿಂತ ಹಿಂದೆ?

ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟರೆ ನೇರವಾಗಿ, ಇದೇ ಅಸಮತೋಲನವನ್ನು ಅಳೆಯಲು ರಾಜ್ಯ ಸರ್ಕಾರ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯ ಕೋಷ್ಟಕಗಳ ಮುಂದೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿದರೆ ತಕರಾರು ತಾನಾಗಿ ಸಿಗುತ್ತದೆ. ಮರುಬರೆದ ಪೀಠಿಕೆ:

"ಪ್ರಾದೇಶಿಕ ಅಸಮತೋಲನದ ಮಾತು ಬಂದಾಗಲೆಲ್ಲ ಕರ್ನಾಟಕವನ್ನು ಉತ್ತರ, ದಕ್ಷಿಣ ಎಂದು ಎರಡಾಗಿ ನೋಡುವುದು ರೂಢಿ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ಈ ರೂಢಿಗೆ ಆಧಾರವಾಗಿ ಬಳಸಲಾಗುತ್ತದೆ. ಆದರೆ ವರದಿಯ ಅಂಕಿಗಳು ಈ ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಆಗಿನ 175 ತಾಲೂಕುಗಳಲ್ಲಿ ಹಿಂದುಳಿದವೆಂದು ಸಮಿತಿ ಗುರುತಿಸಿದ್ದು 114. ಅವುಗಳಲ್ಲಿ ಉತ್ತರದವು 59, ದಕ್ಷಿಣದವು 55. ಎಣಿಕೆಯಲ್ಲಿ ಹೆಚ್ಚುಕಡಿಮೆ ಸಮ. 'ಅತ್ಯಂತ ಹಿಂದುಳಿದ' 39 ತಾಲೂಕುಗಳನ್ನಷ್ಟೇ ತೆಗೆದುಕೊಂಡರೆ 21 ಕಲಬುರಗಿ ವಿಭಾಗದಲ್ಲಿವೆ, ಬೆಳಗಾವಿ ವಿಭಾಗದಲ್ಲಿ ಇರುವುದು 5. ದಕ್ಷಿಣದ ಬೆಂಗಳೂರು ವಿಭಾಗದಲ್ಲಿ 11, ಮೈಸೂರು ವಿಭಾಗದಲ್ಲಿ 2. ಈ ಲೇಖನದ ವಾದ ಇಷ್ಟು: ಉತ್ತರ–ದಕ್ಷಿಣ ಎಂಬ ಗೆರೆ ಕಲಬುರಗಿ ವಿಭಾಗದ ತೀವ್ರತೆಯನ್ನೂ ಬೆಂಗಳೂರು ವಿಭಾಗದ ಒಳಗಿನ ಅಂತರವನ್ನೂ ಒಟ್ಟಿಗೇ ಮುಚ್ಚಿಹಾಕುತ್ತದೆ. ಮೊದಲ ಭಾಗದಲ್ಲಿ ಸಮಿತಿಯ 35 ಸೂಚಕಗಳನ್ನು, ಎರಡನೆಯದರಲ್ಲಿ ನಾಲ್ಕು ವಿಭಾಗಗಳ ಹೋಲಿಕೆಯನ್ನು ಕೊಟ್ಟಿದೆ. ಮೂರನೆಯ ಭಾಗ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯನ್ನು ಈ ಹೋಲಿಕೆಯ ಪಕ್ಕದಲ್ಲಿಟ್ಟು ನೋಡುತ್ತದೆ."

ಇಲ್ಲಿ ಮೊದಲ ಎರಡು ವಾಕ್ಯ ವಿಷಯ. "ಆದರೆ" ಎಂಬಲ್ಲಿಂದ ತಕರಾರು. "ವಾದ ಇಷ್ಟು" ಎಂಬಲ್ಲಿ ವಾದ. ಕೊನೆಯ ಎರಡು ವಾಕ್ಯ ಲೇಖನ ಸಾಗುವ ದಾರಿ. ಗಮನಿಸಬೇಕಾದದ್ದು ಆ "ಆದರೆ". ಪೀಠಿಕೆಯಲ್ಲಿ ನಿಜವಾದ ಒಂದು "ಆದರೆ" ಇದ್ದರೆ ಸಾಕು. ನಾಲ್ಕಿದ್ದರೆ ಬರೆದವರಿಗೆ ತಮ್ಮ ತಕರಾರು ಯಾವುದೆಂದು ಇನ್ನೂ ಗೊತ್ತಾಗಿಲ್ಲ ಎಂದರ್ಥ. ಹಳೆಯ ಪ್ಯಾರಾದಲ್ಲೂ "ಆದಾಗ್ಯೂ" ಇತ್ತಲ್ಲ ಎನ್ನಬಹುದು. ಅದು ಎಲ್ಲರೂ ಒಪ್ಪಿಕೊಂಡಿದ್ದನ್ನೇ ಮತ್ತೊಮ್ಮೆ ಹೇಳುವ ಆದಾಗ್ಯೂ.

ಅಂಕಿಗಳ ಕ್ರಮದಲ್ಲೂ ಲೆಕ್ಕಾಚಾರವಿದೆ. 59 ಮತ್ತು 55 ಮೊದಲು ಬಂದದ್ದು ಓದುವವರ ನಂಬಿಕೆಯನ್ನು ಅಲುಗಾಡಿಸಲು. 21 ಮತ್ತು 5 ಆಮೇಲೆ ಬಂದದ್ದು ಅಲುಗಾಡಿದ್ದನ್ನು ಬೇರೆ ಕಡೆ ನೆಡಲು. ತಿರುವುಮುರುವಾಗಿ ಕೊಟ್ಟಿದ್ದರೆ ಓದುವವರು "ಗೊತ್ತಿದ್ದದ್ದೇ ಬಿಡಿ" ಎಂದುಕೊಂಡು 55ರ ಕಡೆಗೆ ನೋಡುತ್ತಲೇ ಇರಲಿಲ್ಲ.

ಹಾಗೆಂದು ಈ ಪ್ಯಾರಾ ಪಾಸಾಯಿತು ಎಂದೇನಲ್ಲ. ಚುರುಕಾದ ಪರೀಕ್ಷಕರು "ಎಣಿಕೆಯಲ್ಲಿ ಹೆಚ್ಚುಕಡಿಮೆ ಸಮ" ಎಂಬುದರ ಅಡಿಗೆ ಕೆಂಪು ಗೆರೆ ಎಳೆಯುತ್ತಾರೆ. ಎರಡೂ ಕಡೆ ಒಟ್ಟು ತಾಲೂಕುಗಳೆಷ್ಟು ಎಂದು ಹೇಳದೆ ಹಿಂದುಳಿದವನ್ನು ಮಾತ್ರ ಎಣಿಸಿದರೆ ಹೇಗೆ? ದಕ್ಷಿಣದಲ್ಲಿ ತಾಲೂಕುಗಳು ಹೆಚ್ಚು, ಆದ್ದರಿಂದ 55 ಎಂಬುದು ಅಲ್ಲಿ ಚಿಕ್ಕ ಪಾಲು. ಕಲಬುರಗಿ ವಿಭಾಗದಲ್ಲಿ 31ಕ್ಕೆ 28 ತಾಲೂಕುಗಳು ಪಟ್ಟಿಯಲ್ಲಿದ್ದವು. ಈ ಆಕ್ಷೇಪ ವಾದವನ್ನು ಕೆಡವುವುದಿಲ್ಲ, ಇನ್ನೂ ಗಟ್ಟಿಮಾಡುತ್ತದೆ. ಹಾಗಾಗಿ "ಹೆಚ್ಚುಕಡಿಮೆ ಸಮ" ತೆಗೆದು, "ಬರಿಯ ಎಣಿಕೆ ಹತ್ತಿರಹತ್ತಿರ ಬಂದರೂ ಕಲಬುರಗಿ ವಿಭಾಗದ 31 ತಾಲೂಕುಗಳಲ್ಲಿ 28 ಪಟ್ಟಿಯಲ್ಲಿವೆ" ಎಂದು ಬರೆಯಬೇಕು. ಓದುವವರು ಎತ್ತಬಹುದಾದ ಮೊದಲ ಆಕ್ಷೇಪವನ್ನು ಪೀಠಿಕೆಯೇ ಮುಂದಾಗಿ ಎತ್ತಿಕೊಂಡರೆ ಮುಂದಿನ ಹತ್ತು ಪುಟಗಳಿಗೆ ಅವರ ನಂಬಿಕೆ ಸಿಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ವರದಿ ಬಂದಾಗ ಅದು ಗುಲ್ಬರ್ಗ ವಿಭಾಗ. ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಇದನ್ನು ಪೀಠಿಕೆಯಲ್ಲಿ ವಿವರಿಸಲು ಹೋಗಬೇಡಿ. ಅಡಿಟಿಪ್ಪಣಿ ಇರುವುದು ಇಂಥದಕ್ಕೇ.

ತಕರಾರು ತೆಗೆಯುವ ರೀತಿ

ತಕರಾರು ಎಂದರೆ ಜಗಳವಲ್ಲ. ಅತ್ಯಂತ ಸುಲಭವಾದ, ಅಷ್ಟೇ ಅಪಾಯದ ತಕರಾರು "ಈ ವಿಷಯದ ಬಗ್ಗೆ ಈವರೆಗೆ ಯಾರೂ ಅಧ್ಯಯನ ನಡೆಸಿಲ್ಲ" ಎನ್ನುವುದು. ಶೋಧಗಂಗಾ ಜಾಲತಾಣದಲ್ಲಿ ಐದು ನಿಮಿಷ ಹುಡುಕಿದರೆ ಅದೇ ವಿಷಯದ ಮಹಾಪ್ರಬಂಧ ಸಿಕ್ಕಿಬಿಡಬಹುದು, ಮೌಖಿಕ ಪರೀಕ್ಷೆಗೆ ಬಂದವರು ಆ ಐದು ನಿಮಿಷ ಹುಡುಕಿಯೇ ಬಂದಿರುತ್ತಾರೆ. ನಿಜವಾಗಿಯೂ ಯಾರೂ ಮುಟ್ಟಿಲ್ಲ ಎಂದುಕೊಂಡರೂ ಮಾತು ಮುಗಿಯಲಿಲ್ಲ. ಯಾರೂ ಮುಟ್ಟದಿರುವುದಕ್ಕೆ ವಿಷಯ ಮುಟ್ಟುವಂಥದ್ದಲ್ಲ ಎಂಬುದೂ ಕಾರಣವಿರಬಹುದು.

ಇದಕ್ಕಿಂತ ಗಟ್ಟಿಯಾದ ದಾರಿಗಳಿವೆ. ಎಲ್ಲರೂ ಒಂದೇ ಆಕರವನ್ನು ನೆಚ್ಚಿಕೊಂಡಿದ್ದಾರೆ, ಇನ್ನೊಂದು ಆಕರ ಹಾಗೇ ಉಳಿದಿದೆ ಎಂದು ತೋರಿಸಬಹುದು. ಇಬ್ಬರು ವಿದ್ವಾಂಸರ ತೀರ್ಮಾನಗಳು ಒಂದಕ್ಕೊಂದು ಕೂಡುವುದಿಲ್ಲ, ಕೂಡದಿರುವುದು ಯಾಕೆಂದು ಯಾರೂ ಕೇಳಿಲ್ಲ ಎನ್ನಬಹುದು. ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿ ವಾದ ಬೆಳೆದಿದೆ ಎಂದು ಹಿಡಿಯಬಹುದು. ಮೇಲಿನ ಉದಾಹರಣೆಯಲ್ಲಿದ್ದಂತೆ ಅಳತೆಯ ಘಟಕವನ್ನೇ ಪ್ರಶ್ನಿಸಬಹುದು. ಎಲ್ಲಕ್ಕಿಂತ ಸೌಮ್ಯವಾದದ್ದು, ಹಿರಿಯರ ಮುಂದೆ ಧೈರ್ಯವಾಗಿ ಓದಬಹುದಾದದ್ದು, ಹೊಸ ಸಾಮಗ್ರಿಯ ತಕರಾರು: ಅವರು ಬರೆದಾಗ ಇದು ಸಿಕ್ಕಿರಲಿಲ್ಲ, ಈಗ ಸಿಕ್ಕಿದೆ.

ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. "ಕನ್ನಡದ ಮೊಟ್ಟಮೊದಲ ಶಾಸನ ಹಲ್ಮಿಡಿ ಶಾಸನವಾಗಿದೆ" ಎಂದು ಪೀಠಿಕೆ ಶುರುಮಾಡಿದರೆ ಮೊದಲ ವಾಕ್ಯದಲ್ಲೇ ಕಾಲು ಜಾರಿತು. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಈ ಶಾಸನವನ್ನು ಪುರಾತತ್ವಜ್ಞ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. ಅದರ ಕಾಲ ಕ್ರಿ.ಶ. 450ರ ಸುಮಾರು ಎಂಬುದು ಹೆಚ್ಚು ರೂಢಿಯಲ್ಲಿರುವ ಅಭಿಪ್ರಾಯ. ಶಾಸನದಲ್ಲಿ ತೇದಿ ಇಲ್ಲ, ಹಾಗಾಗಿ ಕಾಲದ ಬಗ್ಗೆ ಚರ್ಚೆ ನಿಂತಿಲ್ಲ. ಈಚೆಗೆ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಉತ್ಖನನ ನಡೆದಾಗ ದೊರೆತ, ಸಿಂಹದ ಕೆತ್ತನೆಯಿರುವ ಕಲ್ಲಿನ ಶಾಸನ ಕ್ರಿ.ಶ. 370ರದೆಂಬ ಅಭಿಪ್ರಾಯ ಬಂದಿದೆ. ಇಷ್ಟು ಗೊತ್ತಿದ್ದವರು ಮೊದಲ ವಾಕ್ಯವನ್ನು ಹೀಗೆ ಬರೆಯುತ್ತಾರೆ: "ಕನ್ನಡದ ಮೊದಲ ಶಾಸನವೆಂದು ದಶಕಗಳ ಕಾಲ ಎಣಿಸಲಾದ ಹಲ್ಮಿಡಿ ಶಾಸನದ ಆ ಸ್ಥಾನ ತಾಳಗುಂದದ ಶೋಧದ ನಂತರ ಚರ್ಚೆಗೆ ಬಿದ್ದಿದೆ." ವಿಷಯವೂ ತಕರಾರೂ ಒಂದೇ ವಾಕ್ಯದಲ್ಲಿ ಬಂದವು. ಕೃಷ್ಣ ಅವರಿಗೆ ಅಗೌರವವೂ ಆಗಲಿಲ್ಲ.

ಗೌರವದ ಮಾತು ಬಂದದ್ದರಿಂದ ಹೇಳಬೇಕು. "ನಾಡಿನ ಹೆಸರಾಂತ ಸಂಶೋಧಕರೂ ಚಿಂತಕರೂ ಆದ ಡಾ. ಇಂಥವರು ತಮ್ಮ ಮೌಲಿಕ ಕೃತಿಯಲ್ಲಿ ಅತ್ಯಂತ ವಿದ್ವತ್ಪೂರ್ಣವಾಗಿ" ಎಂಬ ಸರಮಾಲೆ ಪೀಠಿಕೆಯಲ್ಲಿ ಬೇಡ. ಹೆಸರು, "ಅವರು", ಅದಕ್ಕೆ ತಕ್ಕ ಬಹುವಚನದ ಕ್ರಿಯಾಪದ, ಕನ್ನಡದಲ್ಲಿ ಮರ್ಯಾದೆಗೆ ಇಷ್ಟು ಸಾಕು. ಅವರ ವಾದವನ್ನು ತಪ್ಪಿಲ್ಲದೆ, ಅರ್ಧಕ್ಕೆ ಕತ್ತರಿಸದೆ, ಎರಡು ಸಾಲಿನಲ್ಲಿ ಹೇಳಿದರೆ ಬಿರುದುಗಳಿಗಿಂತ ದೊಡ್ಡ ಗೌರವ ಸಂದಂತೆ. ಇನ್ನು ಪೂರ್ವ ಅಧ್ಯಯನಗಳನ್ನೆಲ್ಲ ಪೀಠಿಕೆಯಲ್ಲೇ ಸಾಲಾಗಿ ನಿಲ್ಲಿಸುವ ಅಗತ್ಯವಿಲ್ಲ. ನಿಮ್ಮ ತಕರಾರಿಗೆ ನೇರ ಸಂಬಂಧವಿರುವ ಎರಡೋ ಮೂರೋ ಸಾಕು. ಉಳಿದವು ಮುಂದಿನ ಭಾಗಕ್ಕೆ.

ಪದದ ವ್ಯುತ್ಪತ್ತಿ, ಕವಿವಾಣಿ

"ಜಾನಪದ ಎಂಬ ಪದವು ಜನಪದ ಎಂಬುದರಿಂದ ಬಂದಿದ್ದು..." ಹೀಗೆ ನಿಘಂಟಿನಿಂದ ಹೊರಡುವ ಪೀಠಿಕೆಗಳು ಬೇಕಾದಷ್ಟಿವೆ. ಜಾನಪದ ಎಂದರೇನೆಂದು ಗೊತ್ತಿಲ್ಲದವರು ಆ ಲೇಖನ ಓದಲು ಬರುವುದಿಲ್ಲ. ವ್ಯಾಖ್ಯಾನ ಕೊಡಬೇಕಾದದ್ದು ಆ ಪದದ ಮೇಲೆ ನಿಮ್ಮ ವಾದ ನಿಂತಿದ್ದರೆ ಮಾತ್ರ. "ಹಿಂದುಳಿದ ತಾಲೂಕು" ಎಂಬುದು ಅಂಥ ಪದ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಸಮಗ್ರ ಸೂಚ್ಯಂಕ ಅದಕ್ಕಿಂತ ಕೆಳಗೆ ಬಂದ ತಾಲೂಕನ್ನು ಸಮಿತಿ ಹಿಂದುಳಿದದ್ದು ಎಂದಿತು. ಈ ವ್ಯಾಖ್ಯಾನವಿಲ್ಲದೆ 114 ಎಂಬ ಅಂಕಿಗೆ ಅರ್ಥವಿಲ್ಲ. ಹಾಗಿದ್ದರೂ ಅದಕ್ಕೆ ಒಂದು ವಾಕ್ಯ ಸಾಕು, ಸೂಚ್ಯಂಕ ತೆಗೆದ ವಿಧಾನವೆಲ್ಲ ಮೊದಲ ಭಾಗದಲ್ಲಿ ಬರಲಿ.

ವಚನದ ಸಾಲು, ಕವಿತೆಯ ಸಾಲು ಹಾಕಿ ಶುರುಮಾಡುವುದು ನಮ್ಮಲ್ಲಿ ಇನ್ನೊಂದು ಚಾಳಿ. ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಕವಿರಾಜಮಾರ್ಗದ ಸಾಲು ಎಷ್ಟು ಪೀಠಿಕೆಗಳ ಬಾಗಿಲು ಕಾದಿದೆಯೋ ಲೆಕ್ಕವಿಲ್ಲ. ನಿಮ್ಮ ಲೇಖನ ಒಂಬತ್ತನೆಯ ಶತಮಾನದ ಕನ್ನಡ ನಾಡಿನ ಗಡಿಯ ಬಗ್ಗೆಯೇ ಇದ್ದರೆ ಆ ಸಾಲು ಆಕರ, ಬಳಸಿ. ಗ್ರಾಮ ಪಂಚಾಯಿತಿಗಳ ಹಣಕಾಸಿನ ಬಗ್ಗೆ ಇದ್ದರೆ ಅದು ಬರಿಯ ತೋರಣ. ಪರೀಕ್ಷೆ ಸರಳ: ಉಲ್ಲೇಖಿಸಿದ ಸಾಲನ್ನು ಲೇಖನದ ಒಳಗೆ ಎಲ್ಲಾದರೂ ಮತ್ತೆ ಕೈಗೆತ್ತಿಕೊಂಡು ಚರ್ಚಿಸಿದ್ದೀರಾ? ಇಲ್ಲವಾದರೆ ತೆಗೆಯಿರಿ.

ವಾಕ್ಯಗಳ ಮಟ್ಟದಲ್ಲಿ

ಪೀಠಿಕೆಯ ಕನ್ನಡ ಕೆಡುವುದು ಮುಖ್ಯವಾಗಿ "ಆಗಿದ್ದು" ಎಂಬ ಕೊಂಡಿಯಿಂದ. "ಅಭಿವೃದ್ಧಿ ಎಂಬುದು ಒಂದು ನಿರಂತರ ಪ್ರಕ್ರಿಯೆಯಾಗಿದ್ದು, ಸರ್ಕಾರವು ಅನೇಕ ಯೋಜನೆಗಳನ್ನು ಜಾರಿಗೆ ತಂದಿದೆ" ಎಂಬಲ್ಲಿ ಎರಡು ಮಾತುಗಳ ನಡುವಿನ ಸಂಬಂಧವೇನು? ನಿರಂತರ ಪ್ರಕ್ರಿಯೆಯಾದ್ದರಿಂದ ಯೋಜನೆ ತಂದರೋ? ಪ್ರಕ್ರಿಯೆಯಾದರೂ ತಂದರೋ? "ಆಗಿದ್ದು" ಎಂಬುದು ಸಂಬಂಧ ಹೇಳದೆ ಎರಡು ವಾಕ್ಯಗಳಿಗೆ ಗಂಟು ಹಾಕುತ್ತದೆ, ಯೋಚನೆ ಮಾಡಬೇಕಾದ ಜಾಗದಲ್ಲಿ ಯೋಚನೆ ತಪ್ಪಿಸುತ್ತದೆ. ಕರಡಿನಲ್ಲಿ ಆಗಿದ್ದು, ಹೊಂದಿದ್ದು, ಇದ್ದು ಎಂಬಲ್ಲೆಲ್ಲ ಗುಂಡಗೆ ಗೆರೆ ಸುತ್ತಿ ಗುರುತು ಮಾಡಿ. ಪ್ರತಿಯೊಂದರ ಜಾಗದಲ್ಲೂ ಆದ್ದರಿಂದ, ಆದರೂ, ಮತ್ತು, ಈ ಮೂರರಲ್ಲಿ ಯಾವುದು ಹೊಂದುತ್ತದೆ ನೋಡಿ. ಯಾವುದೂ ಹೊಂದದಿದ್ದರೆ ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡಿ. ಎರಡನೆಯ ವಾಕ್ಯ ಬೇಕಾಗಿಯೇ ಇರಲಿಲ್ಲ ಎಂಬುದು ಎಷ್ಟೋ ಸಲ ಆಗ ಕಾಣುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ವಾಕ್ಯ ಉದ್ದವಾದಷ್ಟೂ ಓದುವವರು ಉಸಿರು ಹಿಡಿದು ಕಾಯಬೇಕು. ಪೀಠಿಕೆಯ ವಾಕ್ಯ ಹದಿನೈದು ಪದದ ಆಸುಪಾಸಿನಲ್ಲಿದ್ದರೆ ಹಿತ. ವಾದ ಹೇಳುವ ವಾಕ್ಯವಂತೂ ಇಪ್ಪತ್ತು ಪದ ದಾಟಬಾರದು ಎಂಬುದು ನನ್ನ ಹಟ. ದಾಟಿದರೆ ಸಾಮಾನ್ಯವಾಗಿ ಒಳಗೆ ಎರಡು ವಾದಗಳು ಸೇರಿಕೊಂಡಿರುತ್ತವೆ.

"ಬೆಳಕು ಚೆಲ್ಲುವ ಪ್ರಯತ್ನ ಮಾಡಲಾಗಿದೆ" ಎಂಬುದಕ್ಕೆ ಬದಲಾಗಿ ಏನು ಬರೆಯುವುದು? ಈಚೆಗೆ ಇಂಗ್ಲಿಷ್‌ನಿಂದ ನೇರವಾಗಿ ಇಳಿದ "ಈ ಲೇಖನವು ವಾದಿಸುತ್ತದೆ" ಎಂಬುದು ಓಡಾಡುತ್ತಿದೆ. ಲೇಖನ ನೋಡುತ್ತದೆ, ತೋರಿಸುತ್ತದೆ ಎಂದರೆ ಕಿವಿ ಸಹಿಸಿಕೊಳ್ಳುತ್ತದೆ; ವಾದಿಸುತ್ತದೆ ಎಂದರೆ ಯಾಕೋ ಲೇಖನ ಕರಿಕೋಟು ಹಾಕಿಕೊಂಡು ನಿಂತಂತೆ ಕಾಣುತ್ತದೆ. "ಈ ಲೇಖನದ ವಾದ ಇಷ್ಟು", "ಇಲ್ಲಿ ಹೇಳಹೊರಟಿರುವುದು", "ನನ್ನ ವಾದವೆಂದರೆ", ಇವು ಮೂರೂ ನಡೆಯುತ್ತವೆ. "ನಾನು" ಬರೆಯಬಾರದೆಂದು ಕೆಲವು ವಿಭಾಗಗಳಲ್ಲಿ ನಿಯಮವಿದೆ, ಅಲ್ಲಿ ಮೊದಲಿನ ಎರಡನ್ನು ಬಳಸಿ. ವಿಜ್ಞಾನದ ಲೇಖನಗಳಲ್ಲಿ ಪ್ರಯೋಗ ವಿವರಿಸುವಾಗ "ಮಾಡಲಾಗಿದೆ" ಬರುವುದು ಸಹಜ, ಅದನ್ನು ಬೇಡವೆಂದು ಹಟಹಿಡಿಯಬೇಕಿಲ್ಲ.

ಎಷ್ಟು ಉದ್ದ, ಯಾವಾಗ ಬರೆಯುವುದು

ಒಟ್ಟು ಲೇಖನದ ಹತ್ತರಲ್ಲೊಂದು ಭಾಗ ಎಂಬುದು ಒಳ್ಳೆಯ ಅಂದಾಜು. 3,000 ಪದದ ಲೇಖನಕ್ಕೆ 250ರಿಂದ 350 ಪದ, ಎರಡು ಪ್ಯಾರಾ. 1,000 ಪದದ ತರಗತಿಯ ಪ್ರಬಂಧಕ್ಕೆ 80ರಿಂದ 100 ಪದ, ಒಂದೇ ಪ್ಯಾರಾ. ಅಲ್ಲಿ "ಮೊದಲ ಭಾಗದಲ್ಲಿ, ಎರಡನೆಯ ಭಾಗದಲ್ಲಿ" ಎಂಬ ದಾರಿಸೂಚನೆ ಬೇಡ, ಐದು ನಿಮಿಷದ ನಡಿಗೆಗೆ ನಕ್ಷೆ ಕೊಟ್ಟಂತಾಗುತ್ತದೆ. ಮಹಾಪ್ರಬಂಧದ ಮೊದಲ ಅಧ್ಯಾಯದ ಲೆಕ್ಕ ಪೂರ್ತಿ ಬೇರೆ. ಉದ್ದೇಶ, ವ್ಯಾಪ್ತಿ, ಮಿತಿ, ವಿಧಾನ, ಅಧ್ಯಾಯ ವಿಂಗಡಣೆ ಎಂದು ವಿಶ್ವವಿದ್ಯಾಲಯ ಕೇಳುವ ತಲೆಬರಹಗಳನ್ನೆಲ್ಲ ತುಂಬಲೇಬೇಕು. ಅಲ್ಲಿಯೂ ಆ ತಲೆಬರಹಗಳಿಗೆ ಮುಂಚಿನ ಮೊದಲ ಒಂದೂವರೆ ಪುಟ ನಿಮ್ಮ ಕೈಯಲ್ಲಿರುತ್ತದೆ. ಈ ಮೂರು ನಡೆಗಳು ಬರಬೇಕಾದದ್ದು ಆ ಜಾಗದಲ್ಲಿ.

ಪೀಠಿಕೆಯನ್ನು ಮೊದಲೇ ಬರೆದು ಮುಗಿಸಲು ಹೋಗುವುದರಿಂದಲೇ ಅರ್ಧ ತೊಂದರೆ. ವಾದ ಏನೆಂದು ಇನ್ನೂ ಗೊತ್ತಿಲ್ಲದವರು ಕೈ ಸುಮ್ಮನಿರಲಾರದೆ ಬರೆಯುವ ವಾಕ್ಯವೇ "ಮಾನವ ಸಂಘಜೀವಿ". ಮೊದಲ ದಿನ ಎರಡೇ ಸಾಲಿನ ಒಂದು ತಾತ್ಕಾಲಿಕ ಪೀಠಿಕೆ ಸಾಕು: ಎಲ್ಲರೂ ಹೀಗೆನ್ನುತ್ತಾರೆ, ನನಗೆ ಇಲ್ಲಿ ಅನುಮಾನ. ಅದನ್ನು ಮೇಜಿನ ಮೇಲೆ ಅಂಟಿಸಿಕೊಂಡು ಲೇಖನ ಬರೆಯಿರಿ. ಕರಡು ಮುಗಿದ ಮೇಲೆ ಸಮಾರೋಪದ ಕೊನೆಯ ಪ್ಯಾರಾವನ್ನು ಓದಿ. ಹದಿನೈದು ಪುಟ ನಡೆದು ಬಂದ ಮೇಲೆ ಕೊನೆಗೊಮ್ಮೆ ಸ್ಪಷ್ಟವಾದ ವಾದ ಬಹಳ ಸಲ ಅಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಎತ್ತಿ ಪೀಠಿಕೆಗೆ ತನ್ನಿ, ಸಮಾರೋಪಕ್ಕೆ ಅದರ ಮುಂದಿನ ಹೆಜ್ಜೆ ಬರೆಯಿರಿ. ಕೊನೆಯಲ್ಲಿ ಗುಟ್ಟು ಬಿಚ್ಚಲು ಇದು ಪತ್ತೇದಾರಿ ಕಾದಂಬರಿಯಲ್ಲ.

ಆಮೇಲೆ ಒಂದು ಒರೆಗಲ್ಲು. ತಲೆಬರಹ ಮುಚ್ಚಿ, ಪೀಠಿಕೆಯನ್ನು ಮಾತ್ರ ನಿಮ್ಮ ವಿಷಯದವರಲ್ಲದ ಒಬ್ಬರಿಗೆ ಕೊಟ್ಟು, ಈ ಲೇಖನ ಏನು ಹೇಳುತ್ತದೆ, ಯಾರ ಮಾತನ್ನು ಒಪ್ಪುವುದಿಲ್ಲ ಎಂದು ಕೇಳಿ. "ಉತ್ತರ ಕರ್ನಾಟಕದ ಬಗ್ಗೆ ಏನೋ ಇದೆ" ಎಂದರೆ ವಿಷಯ ಮಾತ್ರ ದಾಟಿದೆ. "ಉತ್ತರ–ದಕ್ಷಿಣ ಎಂದು ಭಾಗ ಮಾಡುವುದು ಸರಿಯಿಲ್ಲ ಅಂತಿದೆ" ಎಂದರೆ ವಾದ ದಾಟಿದೆ. ಇನ್ನೊಂದು ಒರೆಗಲ್ಲು ಒಬ್ಬರೇ ಮಾಡಬಹುದಾದದ್ದು: ಮೊದಲ ಪ್ಯಾರಾವನ್ನು ಪೂರ್ತಿ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದುಕೊಂಡಂತೆ ಅನಿಸದಿದ್ದರೆ ಲೇಖನ ಶುರುವಾಗುವುದೇ ಎರಡನೆಯದರಿಂದ.

ಎರವಲು ಪೀಠಿಕೆ

ಕೃತಿಚೌರ್ಯದ ತಪಾಸಣೆಯಲ್ಲಿ ಹೋಲಿಕೆ ಹೆಚ್ಚಾಗಿ ಸಿಕ್ಕಿಬೀಳುವ ಜಾಗಗಳಲ್ಲಿ ಪೀಠಿಕೆಯೂ ಒಂದು. ಕಾರಣ ಸ್ಪಷ್ಟ. ಹಿನ್ನೆಲೆ, ವ್ಯಾಖ್ಯಾನ, ಸಮಿತಿ ಪರಿಚಯ ಇವನ್ನೆಲ್ಲ ಎಲ್ಲಿಂದಲೋ ಎತ್ತಿ ತಂದಿರುತ್ತಾರೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಮಹಾಪ್ರಬಂಧದಲ್ಲಿ ಶೇ. 10 ದಾಟಿ 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಮರಳಿ ಸಲ್ಲಿಸಬೇಕು, 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ತಂತ್ರಾಂಶಕ್ಕೆ ಸಿಗದಂತೆ ಪದ ಅದಲುಬದಲು ಮಾಡುವವರಿದ್ದಾರೆ. "ಪ್ರಮುಖ" ಇದ್ದಲ್ಲಿ "ಮುಖ್ಯ", "ಅನೇಕ" ಇದ್ದಲ್ಲಿ "ಹಲವಾರು". ತಂತ್ರಾಂಶ ಬಿಟ್ಟರೂ ಪರೀಕ್ಷಕರು ಬಿಡುವುದಿಲ್ಲ. ಪೀಠಿಕೆಯ ಕನ್ನಡ ಒಂದು ಥರ, ಮೂರನೆಯ ಪುಟದ ಕನ್ನಡ ಇನ್ನೊಂದು ಥರ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಹಿನ್ನೆಲೆಯನ್ನು ಮೂರು ಸಾಲಿಗೆ ಇಳಿಸಿ ತಕರಾರಿಗೆ ಜಾಗ ಕೊಟ್ಟರೆ ಎರವಲು ತರುವ ಸಂದರ್ಭವೇ ಕಡಿಮೆಯಾಗುತ್ತದೆ. ತಕರಾರು ಮಾತ್ರ ಇನ್ನೊಬ್ಬರಿಂದ ನಕಲು ಮಾಡಲು ಸಿಗುವುದಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಕೊನೆಗೆ ಬರೆಯುವ ಅನುಕೂಲ ಇರುವುದಿಲ್ಲ ಎನ್ನುವವರಿಗೆ ಒಂದು ಉಪಾಯ. ಮೂರು ಗಂಟೆಯಲ್ಲಿ ತಲಾ 1,000ದಿಂದ 1,200 ಪದದ ಎರಡು ಪ್ರಬಂಧ ಕೇಳುವ ಯುಪಿಎಸ್‌ಸಿ ಮಾದರಿಯ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಒಂದಕ್ಕೆ ತೊಂಬತ್ತು ನಿಮಿಷ ಸಿಗುತ್ತದೆ. ಮೊದಲ ಹದಿನೈದು ನಿಮಿಷ ಒರಟು ಹಾಳೆಯಲ್ಲಿ ಅಂಶಗಳ ಪಟ್ಟಿ ಮಾಡಿ, ಅದರ ಕೆಳಗೆ ವಾದವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಉತ್ತರ ಪುಸ್ತಿಕೆಯಲ್ಲಿ ಮೇಲೆ ಹನ್ನೆರಡು ಸಾಲು ಖಾಲಿ ಬಿಟ್ಟು ಎರಡನೆಯ ಪ್ಯಾರಾದಿಂದ ಶುರುಮಾಡಿ. ಬರೆಯುತ್ತಾ ವಾದ ಸ್ವಲ್ಪ ಹೊರಳಿದರೂ ಚಿಂತೆಯಿಲ್ಲ. ಕೊನೆಯ ಹತ್ತು ನಿಮಿಷ ಉಳಿಸಿಕೊಂಡು ಮೇಲಕ್ಕೆ ಬಂದು ಆ ಹನ್ನೆರಡು ಸಾಲು ತುಂಬಿ. ಒಂಬತ್ತೇ ಸಾಲಿಗೆ ಮುಗಿದರೆ ಉಳಿದ ಮೂರು ಖಾಲಿ ಇರಲಿ. ಜಾಗ ತುಂಬಿಸಲು ಹೋಗಿ ಮಾನವ ಸಂಘಜೀವಿಯನ್ನು ಮಾತ್ರ ಕರೆತರಬೇಡಿ.